ಪಾಡ್ಯಕ್ಕೊಂದು ಟ್ರೈಪಾಡ್: ಎರಡು ಚೀಲ ಡಿಎಪಿ ರೊಕ್ಕದಾಗ

ಕಡ್ಲಿ ಹೂವಿಗೆ ಬಂದೈತಿ, ಬಿಳಿಜೋಳ ಮೊಳಕಾಲು ದಾಟೈತಿ. ಬೆಳೆ ಸುದ್ದಿ ಮುಂದಿನ ವಾರ ವಿವರವಾಗಿ ಬರೀತೀನಿ. ಇವತ್ತು ಬರೆಯೋದು ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಕೋಲಿನ ಬಗ್ಗೆ, ಅಂದರೆ ಟ್ರೈಪಾಡ್ ಬಗ್ಗೆ. ದೀಪಾವಳಿ ಆದಾಗಿನಿಂದ ಸಂತೆಯಲ್ಲಿ, ಸೊಸೈಟಿ ಕಟ್ಟೆ ಮೇಲೆ, ಕೆರೆ ಒಡ್ಡಿನ ಮೇಲೆ ಐದಾರು ಮಂದಿ ಒಂದೇ ಪ್ರಶ್ನೆ ಕೇಳಿದ್ದಾರೆ. "ಆ ಹುಡುಗಿಗೆ ಕೊಡ್ಸೀರಲ್ಲ, ಅದು ಎಷ್ಟಕ್ಕ ಬಂತ್ರಿ? ನಮ್ಮ ಹುಡುಗನೂ ಬೇಕು ಅಂತ ಬೆನ್ನು ಹತ್ಯಾನ. ಎಂಥಾದ್ದು ತಗೋಬೇಕು?" ಒಬ್ಬೊಬ್ಬರಿಗೂ ನಿಂತು ಹೇಳೋದಕ್ಕಿಂತ ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೀನಿ.

ನನ್ನ ತಮ್ಮನ ಮಗಳು ಹೋದ ವರ್ಷ ಡಿಗ್ರಿ ಮುಗಿಸಿದಳು. ಎರಡು ವರ್ಷ ಓಣಿ ಹುಡುಗರಿಗೆ ಟ್ಯೂಷನ್ ಹೇಳಿ ಕೂಡಿಟ್ಟ 22,000 ರೂಪಾಯಿಗೆ ಲಕ್ಷ್ಮೇಶ್ವರದ ಒಬ್ಬ ಮದುವೆ ಫೋಟೋಗ್ರಾಫರ್ ಹತ್ತಿರ ಹಳೇ ಕ್ಯಾನನ್ 1500ಡಿ ಕ್ಯಾಮೆರಾ, ಎರಡು ಲೆನ್ಸು ತಗೊಂಡಳು. ಅವತ್ತಿನಿಂದ ಬೆಳಗ್ಗೆ ನಸುಕಿಗೇ ಅಪ್ಪನ ಟಿವಿಎಸ್ ಎಕ್ಸ್‌ಎಲ್ ಹತ್ತಿ ಮಾಗಡಿ ಕೆರೆಗೆ ಹೋಗೋದು ರೂಢಿ. ಆ ಕೆರೆ ನಿಮಗೇನು ಹೊಸದಲ್ಲ. ಮಳೆನೀರು ಹಿಡಿದು ಹೊಲಕ್ಕೆ ಬಿಡಲಿಕ್ಕೆ ಕಟ್ಟಿದ ಸುಮಾರು 50 ಹೆಕ್ಟೇರಿನ ಕೆರೆ, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿಗೆಲ್ಲ ಗೊತ್ತಾಯಿತು. ಚಳಿ ಬಿದ್ದ ಕೂಡಲೇ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಇಳಿಯುತ್ತವೆ. ಹಗಲು ಕೆರೆಯಲ್ಲಿ ತೇಲುತ್ತವೆ, ಕತ್ತಲಾದ ಮೇಲೆ ನಮ್ಮ ಶೇಂಗಾ, ಕಡ್ಲಿ ಹೊಲಕ್ಕೆ ಬರುತ್ತವೆ. ನಮಗೆ ಅವು ಕಳ್ಳರು, ಆಕೆಗೆ ಬೀಗರು. ಆ ಜಗಳ ಇನ್ನೊಮ್ಮೆ ಬರೆಯೋಣ.

ಮನೆಯಲ್ಲಿ ಮದುವೆ ಮಾತು ಶುರುವಾಗಿದೆ. ನನ್ನ ತಮ್ಮ ಕೆಟ್ಟವನಲ್ಲ, ಆದರೆ ಲೆಕ್ಕದ ಮನುಷ್ಯ. ಮಗಳಿಗೆ ಒಂದು ಗಡುವು ಕೊಟ್ಟಿದ್ದಾನೆ. "ಬರೋ ಯುಗಾದಿ ತನಕ ಈ ಕ್ಯಾಮೆರಾದಾಗ ನಾಕು ಕಾಸು ಹುಟ್ಟಿದ್ರ ಮುಂದುವರಸು. ಇಲ್ಲಾಂದ್ರ ಮಾರಿ ರೊಕ್ಕ ನಿನ್ನ ಹೆಸರಿನ್ಯಾಗ ಇಡೂಣು." ಹುಡುಗಿ ಹೂಂ ಅಂದಿದ್ದಾಳೆ.

ಕಾಸು ಹುಟ್ಟುವ ದಾರಿ ಹಕ್ಕಿಯಿಂದ ಬರಲಿಲ್ಲ, ಕುಬಸದಿಂದ ಬಂತು. ನಮ್ಮ ಕಡೆ ಕುಬಸದ ಮನೆ ಹೇಗಿರುತ್ತೆ ನಿಮಗೆ ಗೊತ್ತು, ಪಡಸಾಲೆ ತುಂಬ ಹೆಣ್ಣುಮಕ್ಕಳು. ನಡುವೆ ಗಂಡು ಫೋಟೋಗ್ರಾಫರ್ ಬಂದು ನಿಂತರೆ ಎಲ್ಲರೂ ಸೆರಗು ಸರಿ ಮಾಡಿಕೊಳ್ಳುತ್ತ ಕಲ್ಲಿನ ಹಂಗೆ ಕೂತುಬಿಡ್ತಾರೆ. ನಮ್ಮ ಓಣಿಯ ಒಂದು ಕುಬಸದಲ್ಲಿ ಈ ಹುಡುಗಿ ಸುಮ್ಮನೆ ಹೋಗಿ ತೆಗೆದ ಫೋಟೋ ನೋಡಿ ಆ ಮನೆಯವರು ಬೆರಗಾದರು. ಎಲ್ಲರೂ ನಗ್ತಿದ್ದಾರೆ, ಹಾಡ್ತಿದ್ದಾರೆ, ಬಸುರಿ ಹುಡುಗಿ ಬಾಯಿ ತುಂಬ ಉಂಡಿ. ಅವತ್ತೇ ಇನ್ನೊಂದು ಮನೆಯವರು ಕೇಳಿದರು: "ನಮ್ಮ ಮನಿಗೂ ಬರ್ತಿ ಏನವಾ? ಆದ್ರ ವಿಡಿಯೋನೂ ಬೇಕು." ವಿಡಿಯೋ ಅಂದರೆ ಕೈಯಲ್ಲಿ ಹಿಡಿದು ಒಂದು ತಾಸು ನಿಲ್ಲೋಕೆ ಆಗೋದಿಲ್ಲ. ಟ್ರೈಪಾಡ್ ಬೇಕಾದದ್ದು ಆಗ.

ಆಕೆ ಬಾಯಿಬಿಟ್ಟು ಕೇಳಲಿಲ್ಲ. ಕ್ಯಾಮೆರಾವನ್ನು ಹಿಟ್ಟಿನ ಡಬ್ಬಿ ಮೇಲೆ, ಡಬ್ಬಿ ಸ್ಟೂಲಿನ ಮೇಲೆ ಇಟ್ಟು ಪ್ರಯೋಗ ಮಾಡುತ್ತಿದ್ದಳು. ಅದನ್ನು ನೋಡಿ ನನಗೇ ಎದೆ ಧಸಕ್ ಅಂತಿತ್ತು. ಬೆಕ್ಕು ಹಾರಿದರೆ ಎರಡು ವರ್ಷದ ಟ್ಯೂಷನ್ ರೊಕ್ಕ ನೆಲದ ಪಾಲು.

ದೀಪಾವಳಿ ಪಾಡ್ಯಕ್ಕೆ ಆರತಿ ಬೆಳಗಿದ ಹೆಣ್ಣುಮಕ್ಕಳ ತಾಟಿನಲ್ಲಿ ಏನಾದರೂ ಹಾಕಬೇಕಲ್ಲ. ಪ್ರತಿ ವರ್ಷ ಐದುನೂರರ ನೋಟು, ಇಲ್ಲಾ ಒಂದು ಡ್ರೆಸ್ ಪೀಸ್. ಈ ಸಲ ಟ್ರೈಪಾಡ್ ಹಾಕೋಣ ಅಂತ ನಿರ್ಧಾರ ಮಾಡಿದೆ. ಎಷ್ಟು ಖರ್ಚು ಮಾಡಬಹುದು ಅಂತ ಲೆಕ್ಕ ಹಾಕಿದಾಗ ಎರಡು ಚೀಲ ಡಿಎಪಿ ಅಂತ ಬಂತು. ಚೀಲಕ್ಕೆ 1,350ರಂತೆ 2,700 ರೂಪಾಯಿ. ಅದಕ್ಕಿಂತ ಮೇಲೆ ಹೋದರೆ ಮನೆಯಲ್ಲಿ ನಾನೂ ಉತ್ತರ ಹೇಳಬೇಕಾಗುತ್ತೆ.

ಕ್ಯಾಮೆರಾ ಕಲಿಯುವವರಿಗೆ ಉಡುಗೊರೆ ಕೊಡೋದಾದರೆ ಟ್ರೈಪಾಡ್ ಯಾಕೆ ಒಳ್ಳೇದು ಅಂತ ಮೊದಲು ಹೇಳ್ತೀನಿ. ಲೆನ್ಸು ಕೊಡಬೇಕಂದ್ರೆ ಅದು ಆ ಕಂಪನಿಯ ಆ ಕ್ಯಾಮೆರಾಕ್ಕೆ ಕೂಡುತ್ತೋ ಇಲ್ವೋ ನೋಡಬೇಕು. ಬ್ಯಾಟರಿಯೂ ಹಂಗೇ. ಟ್ರೈಪಾಡಿಗೆ ಆ ತೊಂದರೆ ಇಲ್ಲ. ಕ್ಯಾನನ್ ಇರಲಿ, ನಿಕಾನ್ ಇರಲಿ, ಸೋನಿ ಇರಲಿ, ಕ್ಯಾಮೆರಾದ ತಳದಲ್ಲಿ ಇರೋದು ಒಂದೇ ಅಳತೆಯ ತೂತು, ಕಾಲು ಇಂಚಿನ ಬೋಲ್ಟಿನದು. ಇವತ್ತಿನ ಕ್ಯಾಮೆರಾ ಮಾರಿ ನಾಳೆ ಬೇರೆ ತಗೊಂಡರೂ ಕೆಳಗೆ ಅದೇ ಟ್ರೈಪಾಡ್ ನಡೆಯುತ್ತೆ. ಸುಮಾರು ನೂರೈವತ್ತು ರೂಪಾಯಿಯ ಒಂದು ಹಿಡಿಕೆ ತಗೊಂಡರೆ ಮೊಬೈಲ್ ಕೂಡ ಅದರ ಮೇಲೆ ನಿಲ್ಲುತ್ತೆ. ಕ್ಯಾಮೆರಾ ಹಳತಾಗುತ್ತೆ, ಗಟ್ಟಿ ಕಾಲು ಹಳತಾಗೋದಿಲ್ಲ.

ಆದರೆ ಹಕ್ಕಿ ಹಾರುವಾಗ ತೆಗೆಯೋದಕ್ಕೆ ಟ್ರೈಪಾಡ್ ಅಡ್ಡಿಯೇ. ಹಾರುವ ಬಾತಿನ ಹಿಂದೆ ಕೈ, ಕುತ್ತಿಗೆ ಎರಡೂ ತಿರುಗಬೇಕು. ಒಡ್ಡಿನ ಕಲ್ಲಿನ ಮೇಲೆ ಇಟ್ಟು ತೆಗೆಯೋದಾದರೆ ಒಂದು ಹಳೇ ಬಟ್ಟೆ ಚೀಲದಲ್ಲಿ ಎರಡು ಸೇರು ಜೋಳ ತುಂಬಿ ಬಾಯಿ ಹೊಲಿದರೆ ಸಾಕು, ಲೆನ್ಸು ಅದರೊಳಗೆ ಕುಳಿತುಕೊಳ್ಳುತ್ತೆ. ಖರ್ಚು ಸೊನ್ನೆ. ನಿಮ್ಮ ಹುಡುಗ ಬರೀ ಹಾರೋ ಹಕ್ಕಿ ತೆಗೀತಾನೆ ಅಂದರೆ ಈ ಚೀಲ ಹೊಲಿದುಕೊಡಿ, ರೊಕ್ಕ ಉಳಿಸಿ.

ಟ್ರೈಪಾಡ್ ಬೇಕಾಗೋದು ಬೆಳಕು ಕಡಿಮೆ ಇದ್ದಾಗ, ವಿಡಿಯೋ ಮಾಡುವಾಗ, ಗಿಡದ ಮೇಲಿನ ಹುಳು ಹತ್ತಿರದಿಂದ ತೆಗೆಯುವಾಗ. ಅದಕ್ಕೊಂದು ಲೆಕ್ಕ ಇದೆ, ಹುಡುಗಿಯೇ ನನಗೆ ಹೇಳಿದ್ದು. ಕೈಯಲ್ಲಿ ಹಿಡಿದು ತೆಗೆದರೆ ಲೆನ್ಸು ಎಷ್ಟು ಉದ್ದಕ್ಕೆ ಎಳೀತೀರೋ ಅಷ್ಟು ವೇಗದ ಕ್ಲಿಕ್ ಬೇಕು. ಆಕೆಯ ಲೆನ್ಸು 250 ಎಂ.ಎಂ. ತನಕ ಹೋಗುತ್ತೆ. ಆ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ 1.6ರಿಂದ ಗುಣಿಸಬೇಕು, 400 ಆಯಿತು. ಅಂದರೆ ಒಂದು ಸೆಕೆಂಡಿನಲ್ಲಿ 400ನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ಕ್ಲಿಕ್ ಮುಗಿಯಬೇಕು. ಲೆನ್ಸಿನೊಳಗೆ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಸ್ವಲ್ಪ ರಿಯಾಯಿತಿ ಸಿಗುತ್ತೆ. ಆದರೂ ಸೂರ್ಯ ಹುಟ್ಟೋ ಮುಂಚೆ, ನಮ್ಮ ಮನೆ ಪಡಸಾಲೆಯ ಮಬ್ಬಿನಲ್ಲಿ ಅಷ್ಟು ಬೆಳಕು ಎಲ್ಲಿಂದ ತರೋದು? ಕ್ಯಾಮೆರಾ ನಿಧಾನ ಕಣ್ಣು ತೆರೆದು ಬೆಳಕು ತುಂಬಿಕೊಳ್ಳಬೇಕು. ಅಷ್ಟು ಹೊತ್ತು ಅದನ್ನು ಅಲುಗಾಡದಂಗೆ ಹಿಡಿಯೋದೇ ಟ್ರೈಪಾಡಿನ ಕೆಲಸ.

ಮೂರೇ ಕಾಲು ಯಾಕೆ ಅಂತ ಹೊಸದಾಗಿ ಹೇಳೋದು ಬೇಡ. ಹೊಲದಲ್ಲಿ ಒಲೆ ಹೂಡುವಾಗ ಮೂರು ಕಲ್ಲು ಇಡ್ತೀವಿ, ನೆಲ ಏರುಪೇರು ಇದ್ದರೂ ಗಡಿಗೆ ಕುಣಿಯೋದಿಲ್ಲ. ನಾಲ್ಕನೇ ಕಲ್ಲು ಇಟ್ಟರೆ ಕುಣಿತ ಶುರು. ಹತ್ತಿ ತೂಗುವಾಗ ಮೂರು ಗಳ ಕಟ್ಟಿ ತಕ್ಕಡಿ ಇಳಿಬಿಡುತ್ತಿದ್ದರಲ್ಲ, ಅದೂ ಇದೇ ಲೆಕ್ಕ. ಗಳದ ಕಾಲು ಅಗಲಿಸಿದಷ್ಟೂ ಗಟ್ಟಿ, ಹತ್ತಿರ ತಂದಷ್ಟೂ ಬೀಳುವ ಭಯ. ಟ್ರೈಪಾಡ್ ನೋಡುವಾಗ ಆ ಮೂರು ಗಳವನ್ನು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ತೂಕ ತಿಳಿಯಬೇಕಿತ್ತು. ಒಂದು ಮಧ್ಯಾಹ್ನ ಹುಡುಗಿ ಹೊರಗೆ ಹೋದಾಗ ಕ್ಯಾಮೆರಾಕ್ಕೆ ದೊಡ್ಡ ಲೆನ್ಸು ಹಾಕಿದ್ದು ಹಾಗೇ ಇತ್ತು. ಬೀಜ ತೂಗುವ ಸಣ್ಣ ಕಾಟಾದ ಮೇಲೆ ಇಟ್ಟೆ. ಪಟ್ಟಿ ಸಮೇತ ಸುಮಾರು 900 ಗ್ರಾಂ. ಟ್ರೈಪಾಡ್ ಡಬ್ಬಿ ಮೇಲೆ "ಇಷ್ಟು ಕೆ.ಜಿ. ತಾಳುತ್ತೆ" ಅಂತ ಬರೆದಿರ್ತಾರೆ. ನಿಮ್ಮ ಕ್ಯಾಮೆರಾ ತೂಕದ ಎರಡು ಮೂರು ಪಟ್ಟು ಅಲ್ಲಿ ಬರೆದಿರಬೇಕು. ನಮಗೆ ಮೂರು ಕೆ.ಜಿ. ಸಾಕು. ಆದರೆ ಬರೆದದ್ದನ್ನು ನಂಬಿ ತರೋದಕ್ಕೆ ಆಗಲ್ಲ. ಟ್ರ್ಯಾಲಿ ತಾಳೋದು ಬೇರೆ, ಗುಂಡಿ ಬಿದ್ದ ದಾರಿಯಲ್ಲಿ ತಾಳೋದು ಬೇರೆ.

ಕ್ಯಾಮೆರಾ ಮಾರಿದ ಆ ಲಕ್ಷ್ಮೇಶ್ವರದ ಫೋಟೋಗ್ರಾಫರ್ ಹತ್ತಿರ ಹೋಗಿ ಕೇಳಿದೆ. ಚಹಾ ತರಿಸಿ ಕೂರಿಸಿದರು. "ಅಣ್ಣಾರ, ಎಲ್ಲಾರೂ ಎತ್ತರ ಎಷ್ಟು ಅಂತ ಕೇಳ್ತಾರ. ನೀವು ಎತ್ತರ ನೋಡಬ್ಯಾಡ್ರಿ, ನಡ ನೋಡ್ರಿ" ಅಂದರು. ನಡ ಅಂದರೆ ಮೂರು ಕಾಲೂ ಬಂದು ಕೂಡುವ ಜಾಗ. ಸೋವಿ ಮಾಲಿನಲ್ಲಿ ಅದು ಬರೀ ಪ್ಲಾಸ್ಟಿಕ್. ಅವರ ಹುಡುಗನೊಬ್ಬ ಮದುವೆಯೊಂದರಲ್ಲಿ ಅಂಥದ್ದರ ಮೇಲೆ ಕ್ಯಾಮೆರಾ ನಿಲ್ಲಿಸಿದ್ದ. ಯಾರೋ ಮಗು ಓಡಿಬಂದು ಕಾಲಿಗೆ ತಾಗಿತು, ನಡದಲ್ಲಿ ಸೀಳು ಬಿತ್ತು, ಕ್ಯಾಮೆರಾ ಮಂಟಪದ ಕಲ್ಲಿನ ಮೇಲೆ. ಲೆನ್ಸು ಕೂಡುವ ಉಂಗುರವೇ ಕಿತ್ತು ಬಂತಂತೆ. ಆ ಸೀಜನ್ ಪೂರ್ತಿ ಬಾಡಿಗೆ ಕ್ಯಾಮೆರಾದಲ್ಲಿ ದುಡಿದರು. ಏಳೆಂಟುನೂರು ರೂಪಾಯಿ ಉಳಿಸಲು ಹೋಗಿ ಆದದ್ದು ಇಷ್ಟು.

ಅವರ ಹತ್ತಿರ ಒಂದು ಹಳೇ ಟ್ರೈಪಾಡ್ ಇತ್ತು, ಎರಡು ಸಾವಿರಕ್ಕೆ ಕೊಡ್ತೀನಿ ಅಂದರು. ಕಬ್ಬಿಣದಂಥ ವಸ್ತು, ಎಳೆದಾಡಿದರೂ ಅಲುಗದು. ಎತ್ತಿ ನೋಡಿದೆ, ಮೂರು ಕೆ.ಜಿ. ಹತ್ತಿರ. ಮದುವೆ ಮನೆಗೆ ಕಾರಿನಲ್ಲಿ ಒಯ್ಯಲು ಅಡ್ಡಿಯಿಲ್ಲ. ಹುಡುಗಿ ಗಾಡಿ ಒಡ್ಡಿನ ಕೆಳಗೆ ನಿಲ್ಲಿಸಿ ನಸುಕಿನಲ್ಲಿ ಕೆರೆ ಸುತ್ತ ನಡೆಯಬೇಕು. ಹೊರಲು ಬೇಸರ ಬರುವ ಟ್ರೈಪಾಡ್ ಎಂಟು ದಿನಕ್ಕೆ ಬಾಗಿಲ ಹಿಂದೆ ಸೇರುತ್ತೆ. ಹಾಗಾಗಿ ಅದನ್ನು ಬಿಟ್ಟೆ. ನಿಮ್ಮ ಹುಡುಗ ಸ್ಟುಡಿಯೋ ಒಳಗೇ ಕೆಲಸ ಮಾಡ್ತಾನೆ ಅಂದರೆ ಮಾತ್ರ ಅಂಥ ಹಳೇ ಭಾರದ ಮಾಲು ಹುಡುಕಿ, ಹೊಸದಕ್ಕಿಂತ ಲಾಭ.

ಮೆಣಸಿನಕಾಯಿ ಔಷಧಿ ತರಲು ಹುಬ್ಬಳ್ಳಿಗೆ ಹೋದ ದಿನ ಕ್ಯಾಮೆರಾ ಅಂಗಡಿಗೂ ಹೋದೆ. ಹುಡುಗಿಯ ಕ್ಯಾಮೆರಾ ಒಯ್ಯಲು ಆಗೋದಿಲ್ಲ, ಗುಟ್ಟು ರಟ್ಟಾಗುತ್ತೆ. ಒಂದು ಕೆ.ಜಿ. ಬೀಜದ ಪ್ಯಾಕೆಟ್ ಚೀಲದಲ್ಲಿತ್ತು, ಅದು ಕೆಲಸಕ್ಕೆ ಬಂತು. ಅಂಗಡಿ ಹುಡುಗ ಮೊದಲು ತೋರಿಸಿದ್ದು 850ರದು. "ಸರ್, ಇದು ಭಾಳ ಹೋಗ್ತೈತ್ರಿ. ಹಗುರ, ಐದು ಫೂಟ್ ಎತ್ತರ" ಅಂದ. ಪೂರ್ತಿ ಎತ್ತರಕ್ಕೆ ಎಳೆದು ನಿಲ್ಲಿಸಿ ತಲೆ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿ ತಿರುಗಿಸಿದೆ. ಕಾಲುಗಳು ಜೋಳದ ದಂಟಿನಂಗೆ ಬಳುಕಿದವು. ತುದಿಯ ಕಾಲಂತೂ ನನ್ನ ಕಿರುಬೆರಳಿನಷ್ಟು ದಪ್ಪ. ಮೊಬೈಲ್ ನಿಲ್ಲಿಸಲು ಅದು ಸಾಕು. ನಮ್ಮ ಕಡೆ ಗಾಳಿಗೆ ಅದು ನಿಲ್ಲುವ ಮಾಲಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ ನೋಡ್ರಿ.

ಆಮೇಲೆ 1,800ರದು, 2,650ರದು, 4,200ರದು ಇಳಿಸಿದ. ಅದರ ಮೇಲೆ ಕಾರ್ಬನ್ ಫೈಬರ್ ಮಾಲು ಇದೆ, ಹಗುರ, ಗಟ್ಟಿ, ನಡುಕ ಬೇಗ ಇಳಿಯುತ್ತೆ. ಬೆಲೆ ಕೇಳಿದರೆ ಗೊಬ್ಬರದ ಚೀಲದ ಲೆಕ್ಕ ಬಿಟ್ಟು ಎತ್ತಿನ ಲೆಕ್ಕಕ್ಕೆ ಹೋಗಬೇಕು. ಕಲಿಯುವವರಿಗೆ ಅಲ್ಯೂಮಿನಿಯಂ ಸಾಕು.

ಅಂಗಡಿಯಲ್ಲಿ ನಾನು ನೋಡಿದ್ದು ಇಷ್ಟು. ನೀವು ಹೋದಾಗಲೂ ಇದನ್ನೇ ಮಾಡಿ.

ಒಂದು, ಕಾಲಿನಲ್ಲಿ ಎಷ್ಟು ತುಂಡು ಅಂತ ಎಣಿಸಿ. ಮೂರು ತುಂಡಿನ ಕಾಲು ಮಡಚಿದಾಗ ಉದ್ದ ಇರುತ್ತೆ, ಆದರೆ ಗಟ್ಟಿ. ನಾಲ್ಕು, ಐದು ತುಂಡಿನದು ಚೀಲಕ್ಕೆ ಸಣ್ಣದು, ತುದಿ ಮಾತ್ರ ತೆಳ್ಳಗೆ. ಪ್ರತಿ ಕೀಲೂ ಒಂದು ಸಡಿಲ. ಬಸ್ಸಿನಲ್ಲಿ ತಿರುಗುವವರಿಗೆ ನಾಲ್ಕು ತುಂಡು ಸರಿ, ಗಾಡಿಗೆ ಕಟ್ಟಿಕೊಂಡು ಹೋಗುವ ನಮಗೆ ಮೂರೇ ಸರಿ.

ಎರಡು, ಕಾಲಿನ ಬಿಗಿ. ಚಿಲಕದಂಗೆ ಮಡಚುವುದು ಒಂದು ಬಗೆ, ತಿರುಗಿಸಿ ಬಿಗಿ ಮಾಡುವುದು ಇನ್ನೊಂದು. ತಿರುಗಿಸುವುದರೊಳಗೆ ನಮ್ಮ ಎರೆಮಣ್ಣಿನ ಧೂಳು ಸೇರಿದರೆ ಕರಕರ ಅನ್ನುತ್ತೆ, ಬಿಚ್ಚಿ ತೊಳೆಯಬೇಕು. ಚಿಲಕದ ಬಗೆಯಲ್ಲಿ ಬಿಗಿಯಾಗಿದೆಯೋ ಇಲ್ಲವೋ ದೂರದಿಂದಲೇ ಕಾಣುತ್ತೆ, ಸಡಿಲಾದರೆ ಸ್ಕ್ರೂ ಬಿಗಿ ಮಾಡಬಹುದು. ಬಿಗಿ ಮಾಡಿದ ಮೇಲೆ ಕಾಲನ್ನು ನೆಲಕ್ಕೆ ಒತ್ತಿ ನೋಡಿ, ಒಳಗೆ ಜಾರಿದರೆ ಅಲ್ಲೇ ಬಿಟ್ಟುಬನ್ನಿ.

ಮೂರು, ನಡುವಿನ ಕಂಬ. ಕ್ಯಾಮೆರಾವನ್ನು ಇನ್ನೂ ಮೇಲೆ ಎತ್ತಲು ನಡುವೆ ಒಂದು ಕಂಬ ಇರುತ್ತೆ. ಡಬ್ಬಿ ಮೇಲಿನ ಎತ್ತರದಲ್ಲಿ ಆ ಕಂಬವೂ ಸೇರಿರುತ್ತೆ. ಅದನ್ನು ಮೇಲೆತ್ತಿದರೆ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಂತಂಗೆ. ಕಂಬ ಎತ್ತದೇ ಎದೆಮಟ್ಟ ಬಂದರೆ ಸಾಕು. ಹಕ್ಕಿ ತೆಗೆಯುವವರು ಹೇಗೂ ಕೂತೇ ತೆಗೆಯಬೇಕು, ಕಾಲು ಎಷ್ಟು ಅಗಲಿಸಿ ತಗ್ಗಿಗೆ ಇಳಿಸಬಹುದು ಅನ್ನೋದೇ ಅವರಿಗೆ ಮುಖ್ಯ.

ನಾಲ್ಕು, ತಲೆ. ಗುಂಡಿನ ತಲೆ ಒಂದು, ಹಿಡಿಕೆ ತಲೆ ಇನ್ನೊಂದು. ಗುಂಡಿನದರಲ್ಲಿ ಒಂದೇ ತಿರುಪು ಸಡಿಲಿಸಿದರೆ ಕ್ಯಾಮೆರಾ ಎತ್ತ ಬೇಕಾದರೂ ಹೊರಳುತ್ತೆ, ಫೋಟೋಗೆ ಚುರುಕು. ಆದರೆ ವಿಡಿಯೋ ಮಾಡುತ್ತ ತಿರುಗಿಸಿದರೆ ದಿಗಂತ ಸೊಟ್ಟ ಆಗುತ್ತೆ. ಹಿಡಿಕೆ ತಲೆಯಲ್ಲಿ ಅಡ್ಡ, ಉದ್ದ ಬೇರೆ ಬೇರೆ ತಿರುಗುತ್ತೆ. ಕುಬಸದ ಮನೆಯ ವಿಡಿಯೋ ಇದ್ದದ್ದರಿಂದ ನಾನು ಹಿಡಿಕೆಯದನ್ನೇ ನೋಡಿದೆ. ಬೀಜದ ಪ್ಯಾಕೆಟನ್ನು ಪಟ್ಟಿಯಿಂದ ತಲೆಗೆ ಕಟ್ಟಿ ಮುಂದಕ್ಕೆ ಬಾಗಿಸಿ ಬಿಗಿ ಮಾಡಿ, ಎರಡು ನಿಮಿಷ ಬಿಟ್ಟು ನೋಡಿದೆ. 1,800ರದು ಮೆಲ್ಲಗೆ ಮೂಗು ಬಗ್ಗಿಸಿತು. 2,650ರದು ಇದ್ದಲ್ಲೇ ಇತ್ತು. ಉದ್ದ ಲೆನ್ಸು ಹಾಕಿದಾಗ ಭಾರ ಮುಂದಕ್ಕೇ ಬೀಳೋದು. ಚಕ್ಕಡಿ ಹೇರು ಮುಂದಾದರೆ ಎತ್ತಿನ ಹೆಗಲಿಗೆ ಏನಾಗುತ್ತೆ ಅಂತ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಐದು, ತಲೆ ಬಿಚ್ಚಲು ಬರುತ್ತೋ ನೋಡಿ. ಬಂದರೆ ಮುಂದೆ ರೊಕ್ಕ ಕೂಡಿದಾಗ ತಲೆ ಮಾತ್ರ ಬದಲಿಸಬಹುದು. ನೇಗಿಲು ಅದೇ, ಕುಳ ಹೊಸದು.

ಆರು, ಕ್ಯಾಮೆರಾದ ತಳಕ್ಕೆ ಬಿಗಿಯುವ ಸಣ್ಣ ಪ್ಲೇಟ್. ಅಂಗೈಯಷ್ಟೂ ಇರೋದಿಲ್ಲ, ಆದರೆ ಅದು ಕಳೆದರೆ ಟ್ರೈಪಾಡ್ ಬರೀ ಕೋಲು. ಅದು ಲೋಹದ್ದಾ, ಅದೇ ಅಳತೆಯ ಇನ್ನೊಂದು ಸಿಗುತ್ತಾ ಅಂತ ಅಲ್ಲೇ ಕೇಳಿ. ನಾನು ಹಠ ಹಿಡಿದು ಒಂದು ಹೆಚ್ಚಿನ ಪ್ಲೇಟ್ ಅದೇ ಬೆಲೆಯಲ್ಲಿ ಹಾಕಿಸಿಕೊಂಡೆ.

ಏಳು, ಕೆಳಗಿನ ಕೊಕ್ಕೆ. ನಡುವಿನ ಕಂಬದ ತುದಿಗೆ ಒಂದು ಕೊಕ್ಕೆ ಇದ್ದರೆ ಗಾಳಿಯ ದಿನ ಅದಕ್ಕೆ ಚೀಲ ಕಟ್ಟಬಹುದು. ಹಗುರದ ಟ್ರೈಪಾಡಿಗೆ ಭಾರವನ್ನು ಮನೆಯಿಂದ ಹೊರಬೇಕಿಲ್ಲ, ಕೆರೆ ದಂಡೆಯ ಕಲ್ಲು ತುಂಬಿದರೆ ಆಯಿತು. ಚೀಲ ನೆಲಕ್ಕೆ ಸ್ವಲ್ಪ ತಾಗುವಂಗೆ ಬಿಡಬೇಕು, ಪೂರ್ತಿ ತೂಗುಬಿಟ್ಟರೆ ತೊಟ್ಟಿಲಿನಂಗೆ ತೂಗಿ ಕ್ಯಾಮೆರಾವನ್ನೂ ತೂಗುತ್ತೆ.

4,200ರದು ಇನ್ನೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕೈ ಅತ್ತ ಹೋಗಿ ಬಂತು. ಆದರೆ 900 ಗ್ರಾಂ ಕ್ಯಾಮೆರಾಕ್ಕೆ ಆ ಹೆಚ್ಚಿನ ಗಟ್ಟಿತನ ಬಳಕೆಗೆ ಬರೋದಿಲ್ಲ. 2,650ರದನ್ನು ಕಟ್ಟಿಸಿಕೊಂಡೆ. ಮೂರು ತುಂಡಿನ ಕಾಲು, ಚಿಲಕದ ಬಿಗಿ, ಲೋಹದ ನಡ, ಹಿಡಿಕೆ ತಲೆ, ಕೊಕ್ಕೆ, ಒಂದೂವರೆ ಕೆ.ಜಿ. ಎರಡು ಚೀಲ ಡಿಎಪಿಯಲ್ಲಿ 50 ರೂಪಾಯಿ ಉಳಿಯಿತು, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದೆ.

ಪಾಡ್ಯದ ದಿನ ಆರತಿ ಆದ ಮೇಲೆ ತಾಟಿನ ಪಕ್ಕ ಉದ್ದ ಚೀಲ ಇಟ್ಟೆ. ನಮ್ಮ ಅವ್ವ ಅಲ್ಲೇ ಕೂತಿದ್ದಳು. "ಹೆಣ್ಣ ಹುಡುಗಿಗೆ ಸೀರಿ ಕೊಡೂದು ಬಿಟ್ಟು ಮೂರ್ ಕಾಲಿನ ಕೋಲು ಕೊಡ್ತೀ ಏನೋ? ಯಾವ ಶಾಸ್ತ್ರದಾಗ ಐತಿ ಇದು?" ಅಂತ ಗದರಿದಳು. ಹುಡುಗಿ ಚೀಲ ಬಿಚ್ಚಿದಳು. ಒಂದೊಂದೇ ಚಿಲಕ ತೆಗೆದು ಕಾಲು ಎಳೆದು ನಿಲ್ಲಿಸಿ ನಡುವಿಗೆ ಕೈ ಇಟ್ಟು ಒತ್ತಿದಳು. ಅಲುಗಲಿಲ್ಲ. "ದೊಡ್ಡಪ್ಪಾ, ಇದು ನಿಂತ್ಕೊಂತೈತಿ" ಅಂದಳು, ಅಷ್ಟೇ. ನನ್ನ ತಮ್ಮ ಏನೂ ಅನ್ನಲಿಲ್ಲ. ಎದ್ದು ಬಂದು ತಾನೂ ಒಮ್ಮೆ ಒತ್ತಿ ನೋಡಿ ಹೋದ. ಗಡುವು ಕೊಟ್ಟವನ ಕೈ ಅದರ ಮೇಲೆ ಬಿದ್ದದ್ದು ನನಗೆ ಸಾಕಾಯಿತು. ನಾವು ಕೊಡೋ ವಸ್ತು ಆಟದ ಸಾಮಾನಾಗಿದ್ದರೆ ಆಕೆಯ ಕೆಲಸವೂ ಮನೆಯವರ ಕಣ್ಣಿಗೆ ಆಟವೇ. ಕೊಟ್ಟದ್ದು ಸಾಧನ ಆಗಿದ್ದರೆ ಕೆಲಸ ಅಂತ ಒಪ್ಪಿದಂಗೆ. ಕೂರಿಗೆ ತಂದವನು ಬಿತ್ತೋದಕ್ಕೇ ತಂದಿರ್ತಾನೆ.

ಎಂಟು ದಿನದಲ್ಲಿ ಅವ್ವನ ಫೋಟೋ ಬಂತು. ಪಡಸಾಲೆಯ ಕಿಟಕಿ ಪಕ್ಕ ಅವ್ವ ಮರದಲ್ಲಿ ಜೋಳ ಹಸನು ಮಾಡ್ತಾ ಕೂತಿದ್ದಳು, ಬೆಳಕು ಬಹಳ ಕಡಿಮೆ. ಕ್ಯಾಮೆರಾ ಅರ್ಧ ಸೆಕೆಂಡ್ ಕಣ್ಣು ತೆರೆದಿತ್ತಂತೆ. ಗೋಡೆ, ಗಡಿಗೆ, ಅವ್ವನ ಮುಖದ ಒಂದೊಂದು ಗೆರೆ ಕೆತ್ತಿದಂಗೆ ಬಂದಿದೆ. ಕೈ, ಮರ, ಜೋಳ ಮಾತ್ರ ಮಂಜಿನಂಗೆ ಓಡಿವೆ. ಅವ್ವ ಫೋಟೋ ಕಣ್ಣ ಹತ್ತಿರ ಹಿಡಿದು, "ನನ್ನ ಕೈ ಎಲ್ಲಿ ಹೋದುವ?" ಅಂದಳು. "ಆಯೀ, ನಿನ್ನ ಕೈ ಒಂದು ಗಳಿಗಿ ನಿಂತ್ರ ತಾನ ಕಾಣೂದು" ಅಂತ ಹುಡುಗಿ ಅಂದಳು. ಅವ್ವ ಅದಕ್ಕೆ ಉತ್ತರ ಕೊಡಲಿಲ್ಲ. ಈಗ ಬಂದವರಿಗೆಲ್ಲ ಆ ಫೋಟೋ ತೋರಿಸ್ತಾಳೆ. ಶಾಸ್ತ್ರದ ಮಾತು ಮತ್ತೆ ಬಂದಿಲ್ಲ.

ಹೊಲಕ್ಕೂ ಅದು ಕೆಲಸಕ್ಕೆ ಬಂದಿದೆ. ಕಡ್ಲಿಯಲ್ಲಿ ಕಾಯಿಕೊರಕದ ಮರಿಹುಳು ಎಲೆ ಕೆರೆದಿದ್ದನ್ನು ಹತ್ತಿರದಿಂದ ತೆಗೆದು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿದೆವು. ನನ್ನ ಮೊಬೈಲಿನಲ್ಲಿ ಅದು ಹಸಿರು ಚುಕ್ಕಿ, ಆಕೆಯ ಫೋಟೋದಲ್ಲಿ ಹುಳುವಿನ ಮೈಮೇಲಿನ ಗೆರೆ ಕಾಣುತ್ತೆ. ಒಕ್ಕಲಿಗರಿಗೆ ಕ್ಯಾಮೆರಾ ಯಾತಕ್ಕ ಅನ್ನುವವರು ನಮ್ಮಲ್ಲಿ ಬಹಳ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ ಹಕ್ಕಿ ಫೋಟೋ ತೆಗೆದು ಕನ್ನಡದಲ್ಲಿ ಹಕ್ಕಿಗಳ ಪುಸ್ತಕವನ್ನೇ ಮಾಡಿಟ್ಟು ಹೋದರು. ತೋಟ ಇದ್ದದ್ದಕ್ಕೇ ಅವರಿಗೆ ಹಕ್ಕಿ ಅಷ್ಟು ಹತ್ತಿರ ಸಿಕ್ಕವು. ನಸುಕಿಗೆ ಹೊಲದಲ್ಲಿ ಇರುವವರು ನಾವೇ ತಾನೆ?

ತಗೊಂಡ ಮೇಲೆ ಸಂಭಾಳಿಸುವ ಬಗ್ಗೆ ನಾಲ್ಕು ಮಾತು. ಕಾಲು ಎಳೆಯುವಾಗ ಮೇಲಿನ ದಪ್ಪ ತುಂಡು ಮೊದಲು, ತುದಿಯ ತೆಳುವು ಕೊನೆಗೆ, ಬೇಕಾದರೆ ಮಾತ್ರ. ಕೆಸರಲ್ಲಿ, ನೀರಲ್ಲಿ ನಿಲ್ಲಿಸುವಾಗ ಮಾತ್ರ ಇದು ಉಲ್ಟಾ. ತುದಿಯ ತುಂಡು ಮೊದಲು ಎಳೆಯಿರಿ, ಆಗ ಚಿಲಕ ಕೆಸರಿನ ಮೇಲೆ ಉಳಿಯುತ್ತೆ. ಮನೆಗೆ ಬಂದು ಒರೆಸಿ, ಆರಿದ ಮೇಲೇ ಮಡಚಿ. ಹಸಿ ಎರೆಯಲ್ಲಿ ಕಾಲು ಹೂಳುತ್ತೆ, ಅಡಿಗೆ ಚಪ್ಪಟೆ ಕಲ್ಲು ಇಡಿ. ಇಳಿಜಾರಿನಲ್ಲಿ ಒಂದು ಕಾಲು ಇಳಿಜಾರಿನ ಕಡೆಗೆ, ಎರಡು ಮೇಲಕ್ಕೆ. ಕ್ಲಿಕ್ ಮಾಡುವ ಬೆರಳೇ ಕ್ಯಾಮೆರಾ ಅಲುಗಿಸುತ್ತೆ, ಅದಕ್ಕೆ ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಬೇಕು. ಗಟ್ಟಿ ನಿಂತ ಮೇಲೆ ಲೆನ್ಸಿನ ನಡುಕ ತಡೆಯುವ ಗುಂಡಿ ಆಫ್ ಮಾಡೋದು ಒಳ್ಳೇದು, ಇಲ್ಲದ ನಡುಕ ಹುಡುಕಿ ಅದೇ ಫೋಟೋ ಕೆಡಿಸಬಹುದು. ಮತ್ತೆ, ಟ್ರೈಪಾಡ್ ನಿಲ್ಲಿಸಿ ಬಿಟ್ಟು ದೂರ ಹೋಗಬೇಡಿ. ನಾಯಿ, ಮಕ್ಕಳು, ಗಾಳಿ ಮೂರೂ ಹೇಳಿ ಬರೋದಿಲ್ಲ.

ಇಲ್ಲಿಯ ತನಕ ಆಕೆ ಎರಡು ಕುಬಸ, ಒಂದು ತೊಟ್ಟಿಲ ಕಾರ್ಯಕ್ರಮ ಮಾಡಿದ್ದಾಳೆ. ಮೂರರಿಂದ 4,500 ರೂಪಾಯಿ ಬಂದಿದೆ. ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾನೆ, ಗಡುವು ಮಾತ್ರ ಸಡಿಲಿಸಿಲ್ಲ. ಯುಗಾದಿ ಇನ್ನೂ ದೂರ ಐತಿ, ಮಾಘ ಫಾಲ್ಗುಣದ ಕಾರ್ಯಗಳೂ ಮುಂದಿವೆ. ನಿಮ್ಮ ಮನೆಗಳಲ್ಲಿ ಕುಬಸ, ನಾಮಕರಣ ಇದ್ದರೆ ಹೇಳಿ ಕಳಿಸಿ. ನಾನು ದೊಡ್ಡಪ್ಪ, ಕೇಳೋದರಲ್ಲಿ ನಾಚಿಕೆ ಇಲ್ಲ.

ಟ್ರೈಪಾಡ್ ತಗೊಳ್ಳುವ ವಿಚಾರ ಇದ್ದವರು ಮೊದಲು ನಮ್ಮದನ್ನು ನಿಮ್ಮ ಹುಡುಗರ ಕ್ಯಾಮೆರಾ ಹಾಕಿ ನೋಡಿ. ಭಾನುವಾರ ನಸುಕಿಗೆ ಹುಡುಗಿ ಕೆರೆ ಒಡ್ಡಿನ ಮೇಲೆ ಇರ್ತಾಳೆ. ಒತ್ತಿ ನೋಡಿ, ಗಾಳಿಗೆ ನಿಲ್ಲಿಸಿ ನೋಡಿ, ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ. ಪ್ಲೇಟ್ ಮಾತ್ರ ಕಳೀಬ್ಯಾಡ್ರಿ.